ಲಕ್ಕವ್ವನಿಗೆ ಬೇಕಾಗಿದ್ದ ಅಂಜಿಕೆ

ಮೂಡಲಗಿಯ ಲಕ್ಕವ್ವ ದೆವ್ವದ ಕಥೆ ಹೇಳಿದ ದಿನ ಆ ಓಣಿಯ ಗಂಡಸರು ಕೂಡ ಹಿತ್ತಲಿಗೆ ಒಬ್ಬೊಬ್ಬರೇ ಹೋಗುತ್ತಿರಲಿಲ್ಲ. ಸಂಜೆಯಾದರೆ ಹೆಂಗಸರು ಶೇಂಗಾ ಒಡೆಯಲು ಅವಳ ಪಡಸಾಲೆಯಲ್ಲಿ ಸೇರುವರು. ಕೈ ಶೇಂಗಾದ ಮೇಲೆ, ಕಿವಿ ಲಕ್ಕವ್ವನ ಮೇಲೆ. ಘಟಪ್ರಭೆಯ ಮಡುವಿನಲ್ಲಿ ತಲೆ ಬಾಚಿಕೊಳ್ಳುವ ಹೆಣ್ಣು, ಅರಭಾವಿ ದಾರಿಯಲ್ಲಿ ಎಲೆಅಡಿಕೆ ಬೇಡುವ ಮುದುಕ, ಇವರನ್ನೆಲ್ಲ ಅವಳು ನಿಂತ ಕಾಲಲ್ಲಿ ಹುಟ್ಟಿಸಿ ಊರೊಳಗೆ ಬಿಟ್ಟುಬಿಡುತ್ತಿದ್ದಳು.

ಆದರೆ ಎಲ್ಲವನ್ನೂ ತಾನೇ ಹುಟ್ಟಿಸಿದ ಮೇಲೆ ಅಂಜಿಕೆ ಎಲ್ಲಿಂದ ಬರಬೇಕು? ಚಿಕ್ಕವಳಿದ್ದಾಗ ಅವಳ ಅಜ್ಜಿ ಅವಳನ್ನು ಹೆದರಿಸುತ್ತಿದ್ದಳು. ಮೈಯೆಲ್ಲ ಗಡಗಡ ನಡುಗಿ, ಆಮೇಲೆ ಏನೂ ಆಗಿಲ್ಲವೆಂದು ತಿಳಿದಾಗ ಬರುತ್ತಿದ್ದ ನಗು ಇತ್ತಲ್ಲ, ಆ ಸುಖ ಅಜ್ಜಿ ತೀರಿದ ಮೇಲೆ ಅವಳಿಗೆ ಮತ್ತೆ ಸಿಕ್ಕಿರಲಿಲ್ಲ. ಊರಿಗೆಲ್ಲ ಅಂಜಿಕೆ ಹಂಚುವವಳಿಗೆ ತನ್ನ ಪಾಲಿಗೆ ಒಂದು ಚೂರೂ ಇಲ್ಲವೆಂಬ ಕೊರಗು ಒಳಗೊಳಗೇ ಇತ್ತು.

ಹೀಗಿರುವಾಗ ಏಕೀಕರಣವಾದ ಮರುವರ್ಷ ಊರ ಹೊರಗೆ ಸಿನೇಮಾದ ಡೇರೆ ಬಿತ್ತು. ಚಕ್ಕಡಿಗೆ ದೊಡ್ಡ ಚಿತ್ರ ಕಟ್ಟಿ, ಹಲಗೆ ಬಡಿಸುತ್ತ ಒಬ್ಬ ಕೂಗುತ್ತ ಬಂದ. "ದೆವ್ವದ ಪಿಚ್ಚರ್ ರೀ! ಎದಿ ಗಟ್ಟಿ ಇದ್ದವ್ರು ಅಷ್ಟ ಬರ್ರಿ! ಬಸರಿ ಹೆಣ್ಮಕ್ಕಳು ಬರಬ್ಯಾಡ್ರಿ!" ಬಳೆಗಾರ ರಾಜಪ್ಪ ಅದನ್ನು ಗೋಕಾಕದಲ್ಲಿ ನೋಡಿ ಬಂದಿದ್ದನಂತೆ. "ನನ್ನ ಬಾಜೂ ಕುಂತಾಂವ ಎಚ್ಚರ ತಪ್ಪಿ ಬಿದ್ದ, ಖರೇನ" ಎಂದು ಅವನೂ ಒಗ್ಗರಣೆ ಹಾಕಿದ. ಲಕ್ಕವ್ವನಿಗೆ ಊಟ ಸೇರದಾಯಿತು. ಮದುವೆಯ ಮುಂಚೆಯೂ ಅವಳು ಇಷ್ಟು ಕಾತರಪಟ್ಟಿರಲಿಲ್ಲ.

ಪಿಚ್ಚರಿನ ದಿನ ಓಣಿಗೆ ಓಣಿಯೇ ಹೊರಟಿತು. ಮೈಮೇಲೆ ಕಬ್ಬಿಣವಿದ್ದರೆ ದೆವ್ವ ಹತ್ತಿರ ಸುಳಿಯದೆಂದು ಹೆಂಗಸರು ಸೆರಗಿನಲ್ಲಿ ಕುಡಗೋಲು, ಬೀಗದ ಕೈ, ಮೊಳೆ, ಏನು ಸಿಕ್ಕಿತೋ ಅದನ್ನು ಕಟ್ಟಿಕೊಂಡಿದ್ದರು. ಡೇರೆಯ ಬಾಗಿಲಲ್ಲಿ ಲಕ್ಕವ್ವ ಎಲ್ಲರನ್ನೂ ತಡೆದಳು.

"ಏನ್ರವ್ವಾ, ಇಷ್ಟ ಕಬ್ಬಿಣ ಒಳಗ ಒಯ್ದ್ರ ದೆವ್ವರ ಹೆಂಗ ಬರಬೇಕು? ಎಲ್ಲಾ ಇಲ್ಲೆ ಇಡ್ರಿ!"

ಟಿಕೀಟು ಕೊಡುವವನ ಮುಂದೆ ಕಬ್ಬಿಣದ ಗುಡ್ಡೆ ಬಿತ್ತು. "ಪಿಚ್ಚರಿಗೆ ಬಂದೀರೋ, ಸುಗ್ಗಿಗೆ ಹೊಂಟೀರೋ?" ಎಂದು ಅವನು ಬಾಯಿ ತೆರೆದು ನೋಡಿದ.

ಪರದೆಯ ಮೇಲೆ ಪಾಳು ಬಂಗಲೆ, ಗಾಳಿ, ಕಿರ್‍ರೆನ್ನುವ ಬಾಗಿಲು. ಲಕ್ಕವ್ವ ಉಸಿರು ಬಿಗಿಹಿಡಿದಳು. ದೆವ್ವವೂ ಬಂತು. ಬಂದದ್ದೇ ಹಾಡಲು ಶುರುಮಾಡಿತು. ಒಂದು ಮುಗಿಸಿ ಇನ್ನೊಂದು ಹಾಡಿತು. ಲಕ್ಕವ್ವ ಸುಮ್ಮನೆ ಕೂಡಲಾರದೆ ಪಕ್ಕದ ಹಣಮವ್ವನ ಸೆರಗನ್ನು ತಡಕಾಡಿದಳು.

"ಏನ್ ಹುಡುಕಾಕತ್ತಿ?" ಎಂದಳು ಹಣಮವ್ವ.

"ಯಾರ ಕಡೆರ ಒಂದ ಮೊಳಿ ಉಳದಿರಬೇಕ ನೋಡು. ಅದಕ್ಕ ಇದು ಮನಸ ಬಿಚ್ಚಿ ಹೆದರಸವಲ್ದು."

ಕಡೆಗೆ ನೋಡಿದರೆ ದೆವ್ವವೆಂಬುದು ನಾಯಕನ ಸೋದರಮಾವ, ಆಸ್ತಿಗಾಗಿ ಸೀರೆ ಉಟ್ಟವನು! ಡೇರೆಗೆ ಡೇರೆಯೇ ಬಿದ್ದು ಬಿದ್ದು ನಕ್ಕಿತು. ಲಕ್ಕವ್ವ ಒಬ್ಬಳು ನಗಲಿಲ್ಲ.

ಬರುವಾಗ ಹೆಂಗಸರು ಕಿಲಕಿಲ ನಗುತ್ತ ಮುಂದೆ ಹೋದರು. ಲಕ್ಕವ್ವ ಕಾಲೆಳೆಯುತ್ತ ಹಿಂದುಳಿದಳು. ಜೊತೆಗೆ ಸೊಸೆ ಸಾವಂತ್ರೆವ್ವ ಇದ್ದಳು. ಕಣಗಲಾದಿಂದ ಮದುವೆಯಾಗಿ ಬಂದು ವರ್ಷ ತುಂಬಿರಲಿಲ್ಲ, ಅತ್ತೆಯ ಮುಂದೆ ಹೂಂ, ಉಹೂಂ ಬಿಟ್ಟು ಮಾತಿಲ್ಲ.

"ನನಗ ಇನ್ನ ಯಾರೂ ಅಂಜಸೂದಿಲ್ಲ ಬಿಡವ್ವ" ಎಂದಳು ಲಕ್ಕವ್ವ. ದನಿ ಒದ್ದೆಯಾಗಿತ್ತು. ಸೊಸೆಗೆ ತಡೆಯಲಾಗಲಿಲ್ಲ.

"ಅತ್ತೀ, ನಿಮ್ಮ ಬಲಕ್ಕ ಕುಂತಾಕಿ ಯಾರ್ರಿ?"

"ಆಚಿ ಓಣ್ಯಾಕಿ ಇರಬೇಕು. ಯಾಕ?"

"ಅಕಿ ಪಿಚ್ಚರ್ ನೋಡಲೇ ಇಲ್ರಿ. ಪರದೆಕ್ಕ ಬೆನ್ನ ಮಾಡಿ ನಿಮ್ಮ ಮಾರೀನ ನೋಡ್ಕೋತ ಕುಂತಿದ್ಲು."

ಲಕ್ಕವ್ವನ ನಡಿಗೆ ನಿಧಾನವಾಯಿತು. "ಲೈಟ್ ಹತ್ತಿದ ಮ್ಯಾಲ?"

"ಹುಡುಕಿದ್ನಿರಿ. ಇರಲಿಲ್ಲ." ಸಾವಂತ್ರೆವ್ವ ದನಿ ತಗ್ಗಿಸಿದಳು. "ಈಗ ಕಂಡ್ಲು. ಹಿಂದ ತಿರುಗಿ ನೋಡಬ್ಯಾಡ್ರಿ."

ಲಕ್ಕವ್ವ ಚಿಟ್ಟನೆ ಚೀರಿದಳು. ಸೊಸೆಯ ರಟ್ಟೆ ಹಿಡಿದು ಓಡಿದ ಓಟಕ್ಕೆ ಮುಂದೆ ಹೋದವರೂ ಹಿಂದೆ ಬಿದ್ದರು. ಬಾಗಿಲ ಅಗಳಿ ಹಾಕಿದ ಮೇಲೆಯೇ ನಿಂತಳು. ಎದೆ ಡವಡವ, ಮೈಯೆಲ್ಲ ಮುಳ್ಳು.

"ಸುಳ್ಳರಿ ಅತ್ತಿ! ಸುಮ್ಮ ಹೇಳಿದ್ನಿ!" ಎಂದು ಸೊಸೆ ಗಾಬರಿಯಿಂದ ಕೈ ಮುಗಿದಳು.

ಲಕ್ಕವ್ವ ಅವಳನ್ನೇ ನೋಡಿದಳು. ಆಮೇಲೆ ನಕ್ಕಳು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೊಸೆಯ ಗಲ್ಲ ಸವರಿ ನೆಟಿಕೆ ಮುರಿದಳು.

"ನಾಳಿ ಶೇಂಗಾ ಒಡಿಯೂ ಮುಂದ ನೀನ ಹೇಳು, ನಾ ಕೇಳತೇನಿ" ಎಂದಳು. ದೀಪ ಆರಿಸಲು ಹೋದವಳು ಕೈ ಹಿಂದೆ ತೆಗೆದಳು. "ಇವತ್ತ ಇದು ಹಂಗ ಉರೀಲಿ. ನೀನೂ ಇಲ್ಲೆ ನನ್ನ ಬಾಜೂಕ ಮಲಗವ್ವ."