ನಾತಕ್ಕೆ ಬರೆದ ಅರ್ಜಿ

ಮನುಷ್ಯನ ಇಂದ್ರಿಯಗಳಲ್ಲಿ ಮೂಗಿನಷ್ಟು ನಂಬಿಗಸ್ತವಾದದ್ದು ಇನ್ನೊಂದಿಲ್ಲ. ಕಣ್ಣು ಮರೆತದ್ದನ್ನೂ ಕಿವಿ ಬಿಟ್ಟದ್ದನ್ನೂ ಅದು ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಹುಮನಾಬಾದಿನಲ್ಲಿ ಮಾತ್ರ ಅದನ್ನು ಕರ್ಚೀಫಿನೊಳಗೆ ಇಟ್ಟುಕೊಳ್ಳುವುದು ಕ್ಷೇಮ.

ಮೊನ್ನೆ ಬಸವಕಲ್ಯಾಣದಲ್ಲಿ ಬಸ್ಸು ಹತ್ತಿದವನು ದಾರಿಯಲ್ಲೇ ನಿದ್ದೆ ಹೋಗಿದ್ದೆ. ಹುಮನಾಬಾದ್ ಬಂತೆಂದು ಎಬ್ಬಿಸಿದ್ದು ಕಂಡಕ್ಟರನಲ್ಲ, ನಾತ. ಕೊಳೆತ ಮೊಟ್ಟೆಗೆ ಸುಟ್ಟ ರಬ್ಬರಿನ ಒಗ್ಗರಣೆ ಕೊಟ್ಟು, ಮೇಲೆ ಔಷಧದ ಪುಡಿ ಉದುರಿಸಿದ ಹಾಗೆ. ಬಾಯಿಗೆ ಬಂದದ್ದನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದಾಗ ತಲೆಯೊಳಗೆ ಹಳೆಯ ದನಿಯೊಂದು ಪಾಠ ಶುರುಮಾಡಿತು. ಪುಟ್ ಅಪ್ ವಿತ್ ಅಂದರೆ ಟಾಲರೇಟ್, ಬೇರ್, ಎಂಡ್ಯೂರ್, ಸ್ಟ್ಯಾಂಡ್, ಸ್ಟಮಕ್... ಎಲ್ಲವೂ ತಾಳಿಕೊಳ್ಳುವುದೇ.

ನಮ್ಮ ಇಂಗ್ಲಿಷ್ ಮಾಸ್ತರರ ದನಿ ಅದು. ಹೈಸ್ಕೂಲಿನಲ್ಲಿ ನನಗೆ ಕಲಿಸಿದವರು. ನಿವೃತ್ತರಾದ ಮೇಲೆ ಹುಮನಾಬಾದಿನ ನಮ್ಮ ಓಣಿಯಲ್ಲೇ ಎರಡು ಮನೆ ಆಚೆ ಇದ್ದವರು. ಅವರ ತರಗತಿಯ ಕಾಯದೆ ಸರಳವಾಗಿತ್ತು: ಒಂದು ಶಬ್ದಕ್ಕೆ ಒಂದೇ ಅರ್ಥ ಹೇಳಿದವನು ಹೊರಗೆ ನಿಲ್ಲಬೇಕು, ಐದು ಹೇಳಿದವನು ಕೂಡಬಹುದು. ತಿಳಿಯಿತೇ ಎಂದು ಅವರು ಯಾರನ್ನೂ ಕೇಳಿದವರಲ್ಲ. ಅಂಥ ಸಣ್ಣ ಕೆಲಸ ಬೇರೆ ಮಾಸ್ತರರಿಗೆ ಬಿಟ್ಟಿದ್ದರು. ನಾನು ಕೂಡುವವರ ಸಾಲಿನವನು. ಕೂತೂ ಕೂತೂ ಕೊನೆಗೆ ಬಸವಕಲ್ಯಾಣದಲ್ಲಿ ನಾನೂ ಮಾಸ್ತರನಾದೆ. ರವಿವಾರಕ್ಕೊಮ್ಮೆ ಊರಿಗೆ ಬರುತ್ತಿದ್ದೆ.

ಓಣಿಯ ನಡುವೆ ಒಂದು ಬಾವಿ. ಎಲ್ಲರ ಮನೆಯ ಬೇಳೆ ಅದರ ನೀರಿನಲ್ಲೇ ಬೇಯುತ್ತಿತ್ತು. ಹಿಂದಿನ ಬಯಲಿನಲ್ಲಿ ಒಂದು ರಾಸಾಯನಿಕ ಕಾರ್ಖಾನೆ ಎದ್ದು ಎರಡು ಮಳೆಗಾಲ ಕಳೆದಿರಬೇಕು, ನೀರಿನ ಮೇಲೆ ಎಣ್ಣೆಯಂಥ ಪದರ ಕಾಣಿಸಿಕೊಂಡಿತು. ಬೇಳೆ ಬೇಯಲೊಲ್ಲದು. ಚಹಾಕ್ಕೆ ಕುದಿಸಿದರೆ ಪಾತ್ರೆಯ ಅಂಚಿಗೆ ಹಳದಿ ಕಿಲುಬು ಕಟ್ಟುತ್ತಿತ್ತು. ಎದುರುಮನೆಯ ಮುದುಕಿ, ಇಡೀ ಓಣಿಗೆ ಚಿಕ್ಕಮ್ಮನಂಥ ಕಾಕು, ಒಂದು ದಿನ ಕೊಡ ಸೇದಿ, ಮೂಸಿ ನೋಡಿ, ಬಾವಿಕಟ್ಟೆಯ ಮೇಲೇ ಕಾರಿಕೊಂಡರು.

ಮೇಲಿನ ಆಫೀಸಿಗೆ ಅರ್ಜಿ ಹೋಗಬೇಕು, ಇಂಗ್ಲಿಷಿನಲ್ಲೇ ಹೋಗಬೇಕು, ಮಾಸ್ತರರೇ ಬರೆಯಬೇಕು ಎಂದು ಓಣಿ ತೀರ್ಮಾನಿಸಿತು. ಮಾಸ್ತರರು ಮೂರು ದಿನ ಬಾಗಿಲು ಹಾಕಿಕೊಂಡು ಬರೆದರು. ರವಿವಾರ ಮುಂಜಾನೆ ಬಾವಿಕಟ್ಟೆಯ ಹತ್ತಿರ ನಿಂತು ಓದಿದರು. ಈ ನಾತವನ್ನು ನಾವು ಪುಟ್ ಅಪ್ ವಿತ್ ಮಾಡಲಾರೆವು, ಟಾಲರೇಟ್ ಮಾಡಲಾರೆವು, ಬೇರ್ ಮಾಡಲಾರೆವು... ಒಂದೂವರೆ ಪುಟ. ಒಂದಕ್ಷರ ತಿಳಿಯದಿದ್ದರೂ ಜನ ತಲೆದೂಗಿದರು. ಸರಕಾರ ನಡುಗುವುದೇ ಬಾಕಿ.

ಕಾಕು ಒಬ್ಬರೇ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಬಾವಿ ನೀರು ನಾರಾಕತ್ತದ ಅಂತ ಒಂದು ಸಾಲು ಹಾಕೀರಿಲ್ಲೋ ಮಾಸ್ತರ?" ಅಂದರು.

"ಹಂಗ ಬರದ್ರ ಅವ್ರಿಗೆ ತಿಳೀತದ, ಕಾಕು. ತಿಳದ್ರ ಸಾಲಂಗಿಲ್ಲ, ಅಂಜಬೇಕು."

ಸಹಿಗೆಂದು ಕಾಗದ ನನ್ನ ಕೈಗೆ ಬಂತು. ಓದಿದೆ. ಅದರಲ್ಲಿ ಬಾವಿ ಇರಲಿಲ್ಲ, ಕಾರ್ಖಾನೆ ಇರಲಿಲ್ಲ, ಓಣಿಯ ಹೆಸರೂ ಇರಲಿಲ್ಲ. ಹ್ಯಾಂಗದ ಎಂದು ಮಾಸ್ತರರು ಕೇಳಿದರು. ನಲವತ್ತು ದಾಟಿದ ನಾನು, ಹೊರಗೆ ನಿಲ್ಲಿಸುತ್ತಾರೇನೋ ಎಂಬ ಅಂಜಿಕೆಯಲ್ಲಿ, ಭಾರಿ ಅದರಿ ಸರ್ ಎಂದು ಸಹಿ ಹಾಕಿದೆ. ಇವತ್ತಿಗೂ ಬಸ್ಸಿನ ಕಿಟಕಿಯಿಂದ ಬಂದ ನಾತಕ್ಕಿಂತ ಹೆಚ್ಚು ವಾಕರಿಕೆ ತರುವುದು ಆ ನನ್ನ ಸಹಿ.

ನಾಲ್ಕು ತಿಂಗಳು ಓಣಿ ಅದೇ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿಸಿ, ಮೂಗು ಹಿಡಿದು ಕುಡಿಯಿತು. ಕೂಸುಗಳ ಮೈಮೇಲೆ ಕಜ್ಜಿ ಎದ್ದಿತು. ಆಮೇಲೆ, ಲಕೋಟೆಯ ಮೇಲಿದ್ದ ಮಾಸ್ತರರ ವಿಳಾಸಕ್ಕೆ, ಇಂಗ್ಲಿಷಿನಲ್ಲೇ ಉತ್ತರ ಬಂತು. ಯಾವ ಊರು, ಯಾವ ಜಾಗ, ಏನು ತೊಂದರೆ, ಅರ್ಜಿಯಲ್ಲಿ ತಿಳಿಸಿಲ್ಲ. ತಿಳಿಸಿ ಮತ್ತೆ ಕಳಿಸಿರಿ. ಅಷ್ಟೇ. ಮಾಸ್ತರರು ನಿಂತಲ್ಲೇ ಎರಡು ಸಲ ಓದಿದರು. ನಾನು ಅರ್ಥ ಹೇಳಿದ ಮೇಲೆ ಕಾಕು ಸುಮ್ಮನಿರಲಿಲ್ಲ: "ತಾಳಂಗಿಲ್ಲ ಅಂತ ಅಷ್ಟು ಸರ್ತಿ ಬರದ್ರಿ. ಏನು ತಾಳಂಗಿಲ್ಲ ಅಂತ ಒಮ್ಮೆರ ಬರೀಬಾರ್ದಿತ್ತೇನ್ರಿ?"

ಮಾಸ್ತರರು ಬೈಯುತ್ತಾರೆ ಎಂದುಕೊಂಡೆ. ಅವರು ಕಾಕುವಿನ ಹೊಸ್ತಿಲ ಮೇಲೆ ಕೂತು, ಮೊಣಕಾಲ ಮೇಲೆ ಕಾಗದ ಹರವಿ, ಪೆನ್ನು ತೆಗೆದರು.

"ನೀವು ಹೇಳ್ರಿ ಕಾಕು. ನಾ ಬರಕೋತೀನಿ."

ಕಾಕು ಹೇಳಿದರು, ಮಾಸ್ತರರು ಕನ್ನಡದಲ್ಲಿ ಬರೆದರು. ನಾಲ್ಕು ಸಾಲು. ನಾತ ಎಂಬ ಶಬ್ದ ಬಂದಾಗ ಅವರ ಪೆನ್ನು ಒಂದು ಕ್ಷಣ ನಿಂತಿತು. ಪಕ್ಕದಲ್ಲಿ ಇನ್ನೊಂದು ಶಬ್ದಕ್ಕೆ ಜಾಗವೂ ಇತ್ತು... ಹಾಕಲಿಲ್ಲ.

ಮರುವರ್ಷ ಮಾಸ್ತರರು ತೀರಿಕೊಂಡರು. ಸರ್, ಇದರಲ್ಲಿ ಬಾವಿ ಇಲ್ಲ ಎಂದು ಅವರಿಗೆ ಹೇಳಬೇಕಾಗಿದ್ದ ನಾಲ್ಕು ಶಬ್ದ ನನ್ನಲ್ಲೇ ಉಳಿದಿವೆ.

ಮೊನ್ನೆ ಬಸ್ಸು ಇಳಿದು ಓಣಿಗೆ ಹೋದೆ. ಆ ನಾಲ್ಕು ಸಾಲು ಓದಿ ಅಧಿಕಾರಿಗಳು ಹದಿನೈದೇ ದಿನಕ್ಕೆ ಬಂದಿದ್ದರು, ಸೀಸೆಯಲ್ಲಿ ನೀರು ತುಂಬಿಕೊಂಡು ಹೋಗಿದ್ದರು, ಕುಡಿಯಲು ಯೋಗ್ಯವಲ್ಲ ಎಂದು ಬರೆದು ಕಳಿಸಿದ್ದರು. ಕಾರ್ಖಾನೆ ಇವತ್ತಿಗೂ ನಡೆದಿದೆ. ಬಾವಿಯ ಮೇಲೆ ಸಿಮೆಂಟಿನ ಚಪ್ಪಡಿ ಹಾಕಿದ್ದಾರೆ.