ಟಾರ್ಚಣ್ಣನ ಸಿಟ್ಟು

ಸಿನಿಮಾ ಶುರುವಾದ ಮೇಲೆ ತಡವರಿಸುತ್ತ ಬಂದವರಿಗೆ ಕತ್ತಲಲ್ಲಿ ಸೀಟು ತೋರಿಸುವುದು ಟಾರ್ಚಣ್ಣನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಥಿಯೇಟರು, ಇಪ್ಪತ್ತಾರು ವರ್ಷದಿಂದ ಅದೇ ಸಿಟ್ಟು. ಜನ ಮುಂದಿನ ಸೀಟಿನ ಮೇಲೆ ಕಾಲು ಚಾಚುತ್ತಾರೆ. ತಿಂದ ಪೊಟ್ಟಣವನ್ನು ಕೂತಲ್ಲೇ ಬಿಸಾಡುತ್ತಾರೆ. ಈಗಂತೂ ಮೊಬೈಲು ಬೇರೆ. ಸಿನಿಮಾ ನೋಡ್ತಾ ಇದ್ದೀನಿ ಎಂದು ಊರಿಗೆಲ್ಲ ಕೇಳುವಂತೆ ಫೋನಿನಲ್ಲಿ ಅರಚುವವರಿಗೆ ಮನೆಯಲ್ಲಿ ಯಾರೂ ಬುದ್ಧಿ ಹೇಳಿಲ್ಲವೇ? ಊಟಕ್ಕೆ ಕೂತರೂ ಅವನಿಗೆ ಇದೇ ಮಾತು. ಬೈದು ಮುಗಿಸಿ ಉಣ್ಣಿ, ಇಲ್ಲ ಉಂಡು ಬೈಯಿರಿ ಎಂದು ಹೆಂಡತಿ ಎದ್ದು ಹೋಗುತ್ತಿದ್ದಳು.

ಆ ಮಧ್ಯಾಹ್ನದ ಆಟದಲ್ಲಿ ಬಾಲ್ಕನಿಯ ಒಬ್ಬ ಅರ್ಧ ಗಂಟೆ ಫೋನಿನಲ್ಲಿ ವ್ಯಾಪಾರ ಮಾತಾಡಿದ. ಟಾರ್ಚಣ್ಣ ಎರಡು ಸಲ ಕೈಮುಗಿದು ಬೇಡವೆಂದ. ಆ ಮಹಾಶಯ ಮ್ಯಾನೇಜರನ್ನೇ ಕರೆಸಿದ. ದುಬಾರಿ ಸೀಟಿನವರ ತಂಟೆಗೆ ಹೋಗಬೇಡ ಎಂದು ಮ್ಯಾನೇಜರು ಎಲ್ಲರೆದುರೇ ಗದರಿದರು. ಟಾರ್ಚಣ್ಣನಿಗೆ ಮೈಯೆಲ್ಲ ಉರಿಯಿತು.

ಮೆಟ್ಟಿಲಿಳಿದು ಕೆಳಗೆ ಬಂದರೆ ಮುಂದಿನ ಸಾಲಿನಲ್ಲಿ ಗುಸುಗುಸು. ಹೆಂಗಸೊಬ್ಬಳು ಪಕ್ಕದಲ್ಲಿ ಕೂತ ಗಂಡನ ಕಿವಿಗೆ ಬಾಯಿಟ್ಟು ಒಂದೇ ಸಮನೆ ಮಾತಾಡುತ್ತಿದ್ದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬಂತಾಯಿತು. ಟಾರ್ಚಿನ ಬೆಳಕನ್ನು ಮೊದಲು ಅವಳ ಮುಖಕ್ಕೆ ಬಿಟ್ಟ, ಆಮೇಲೆ ಆತನ ಮುಖಕ್ಕೆ. ಹರಟೆ ಹೊಡೆಯಲು ಮನೆಯಿಲ್ಲವೇ ಎಂದು ಕೂಗಾಡಿ ಇಬ್ಬರನ್ನೂ ಎಬ್ಬಿಸಿದ. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಅವನಿಗೆ ಹಾಯೆನಿಸಿತು.

ಬಾಗಿಲು ದಾಟಿ ಬೆಳಕಿಗೆ ಬಂದಾಗ ನೋಡಿದರೆ, ಗಂಡ ಅವಳ ಭುಜ ಹಿಡಿದು ಕಾಲಿನಿಂದ ನೆಲ ತಡವುತ್ತ ಹೆಜ್ಜೆ ಇಡುತ್ತಿದ್ದ.

"ಇವರಿಗೆ ಕಣ್ಣು ಕಾಣಲ್ಲ," ಎಂದಳು ಅವಳು. "ಮುಖಕ್ಕೆ ಲೈಟು ಬಿಟ್ರಲ್ಲ, ಇವರು ರೆಪ್ಪೆ ಬಡಿದ್ರಾ? ಅಷ್ಟೂ ನೋಡ್ಲಿಲ್ವಾ ನೀವು?"

ಟಾರ್ಚಣ್ಣ ಕೈಮುಗಿದ. ತಪ್ಪಾಯಿತು ಎಂದ. ಹಿಂದಿನ ಸಾಲು ಪೂರ್ತಿ ಖಾಲಿಯಿದೆ, ಬನ್ನಿ, ಎಷ್ಟು ಬೇಕಾದರೂ ಮಾತಾಡಿಕೊಳ್ಳಿ ಎಂದು ಅಂಗಲಾಚಿದ. ಚಪ್ಪಾಳೆ ತಟ್ಟಿದವರ ನಡುವೆ ಮತ್ತೆ ಬಂದು ಕೂರಲಾರೆ ಎಂದಳು ಆಕೆ. ಗಂಡನ ಕೈ ಹಿಡಿದು ಹೊರಡಲು ತಿರುಗಿದಳು.

ಗಂಡ ಮಾತ್ರ ಹೊರಡಲಿಲ್ಲ.

"ಅಣ್ಣಾ, ಒಂದು ಹೇಳಿ ಸಾಕು," ಎಂದ. "ಮಾತೆಲ್ಲ ನಿಂತು ಬರೀ ಸಂಗೀತ ಬರ್ತಿತ್ತಲ್ಲ, ಆಗ ಆ ಹುಡುಗಿ ಕೈಲಿ ಅವಳಪ್ಪನ ಕಾಗದ ಇತ್ತಂತೆ. ಹರಿದು ಹಾಕಿದ್ಲಾ, ಇಟ್ಕೊಂಡ್ಲಾ? ಇವಳು ನೋಡೋಷ್ಟರಲ್ಲಿ ನೀವು ಕಣ್ಣಿಗೆ ಲೈಟು ಬಿಟ್ರಿ."

ಆ ಸಿನಿಮಾ ಬಂದು ಮೂರು ವಾರವಾಗಿತ್ತು, ದಿನಕ್ಕೆ ನಾಲ್ಕು ಆಟ. ಅಷ್ಟೂ ಆಟದಲ್ಲಿ ಟಾರ್ಚಣ್ಣ ತೆರೆಗೆ ಬೆನ್ನು ಹಾಕಿ, ಈಗ ಯಾವನು ಮೊಬೈಲು ತೆಗೆಯುತ್ತಾನೋ ಎಂದು ಹಲ್ಲು ಕಚ್ಚಿಕೊಂಡು ನಿಂತಿದ್ದ. ಗಂಡ ಅವನ ಕಡೆ ಕಿವಿಕೊಟ್ಟು ಕಾದ.

"ಗೊತ್ತಿಲ್ಲಪ್ಪ," ಎಂದ ಟಾರ್ಚಣ್ಣ. "ನಾನು ನೋಡಿಲ್ಲ."