ಪಿಯಾನೊದೊಳಗೆ ಓರಗಿತ್ತಿಯ ಮದುವೆ ಕಾರ್ಡು

ಪಕ್ಕದವರು ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಹಳೆಯ ಗ್ರ್ಯಾಂಡ್ ಪಿಯಾನೊ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ಲಿನ ನಮ್ಮ ಗರಾಜಿಗೆ ಬಂದಾಗ ನನಗೆ ನುಡಿಸಲು ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ. ರಿಪೇರಿ ಮಾತ್ರ ವಿಡಿಯೊ ನೋಡಿ ನೋಡಿ ಕಲಿತೆ.

ನುಡಿಸಲು ಬರುವುದು ನನ್ನ ಓರಗಿತ್ತಿಗೆ. ಹೋದ ವರ್ಷ ಮೈದುನನನ್ನು ಮದುವೆಯಾಗಿ ಫಾಸ್ಟರ್ ಸಿಟಿಗೆ ಬಂದವಳು. ಮೈಸೂರಿನಿಂದ ಬಂದಿದ್ದ ಅತ್ತೆ ಅವಳ ಮನೆಯಲ್ಲೇ ಉಳಿದು, ದಿನಾ ಫೋನಿನಲ್ಲಿ ಅವಳ ಹೊಸ ಪಿಯಾನೊದ ಗುಣಗಾನ ಮಾಡುತ್ತಿದ್ದರು. ಕೊನೆಗೆ, "ನಿಂದು ಇನ್ನೂ ಬಿಚ್ಚೇ ಇದ್ಯೇನೆ?" ಭಾನುವಾರ ಎಲ್ಲರೂ ಊಟಕ್ಕೆ ಬರುವವರಿದ್ದರು. ಅಷ್ಟರಲ್ಲಿ ಅದು ಸರಿಯಾಗಿ ನುಡಿಯಬೇಕಿತ್ತು, ಅತ್ತೆಯ ಬಾಯಿಂದ ನನಗೊಂದು ಭೇಷ್ ಬರಬೇಕಿತ್ತು.

ಪಿಯಾನೊ ಕೆಮ್ಮುತ್ತಿತ್ತು. ಕೀ ಒತ್ತಿದರೆ ಒಳಗಿನ ಸುತ್ತಿಗೆ ಎದ್ದು ತಂತಿಗೆ ನೆಟ್ಟಗೆ ಬಡಿಯಬೇಕು. ಇಲ್ಲಿ ತಂತಿ ಮುಟ್ಟುವಷ್ಟರಲ್ಲಿ ಅದರ ತಲೆ ವಾಲುತ್ತಿತ್ತು. ಅಳೆದು ನೋಡಿದೆ. ಸುತ್ತಿಗೆಗಳನ್ನು ಹೊತ್ತ ಚೌಕಟ್ಟು, ಆ್ಯಕ್ಷನ್ ಅನ್ನುತ್ತಾರಲ್ಲ, ಅದೇ ಸ್ವಲ್ಪ ತಗ್ಗಿನಲ್ಲಿ ಕೂತಿತ್ತು. ಆ ಚೌಕಟ್ಟಿನ ಕಾಲುಗಳ ಕೆಳಗೆ ರಟ್ಟು ಕೊಟ್ಟು ಎತ್ತಬೇಕು. ಅದುಮಿದರೂ ಕುಗ್ಗದ ರಟ್ಟು ಮನೆಯಲ್ಲಿದ್ದದ್ದು ಒಂದೇ: ಕಪಾಟಿನಲ್ಲಿ ಮಿಕ್ಕಿದ್ದ ಓರಗಿತ್ತಿಯ ಮದುವೆ ಕಾರ್ಡು, ಹಲಗೆಯಂಥದ್ದು. ಗಣಪತಿ ಇದ್ದ ಭಾಗವನ್ನು ದೇವರ ಮುಂದಿಟ್ಟೆ. ಉಳಿದದ್ದಕ್ಕೆ ಕತ್ತರಿ ಹಾಕುವಾಗ ಮನಸ್ಸಿಗೆ ಹಿತವಾಯಿತು, ಸುಳ್ಳೇಕೆ ಹೇಳಲಿ. ಚೌಕಟ್ಟು ಎತ್ತಿದ ಮೇಲೆ ಒಂದೊಂದು ಕೀಯ ತಿರುಪನ್ನೂ ಹೊಸದಾಗಿ ಹೊಂದಿಸಿದೆ.

ಭಾನುವಾರ ಊಟವಾದ ಮೇಲೆ ಓರಗಿತ್ತಿ ಗರಾಜಿಗೆ ಬಂದು ಕೂತಳು. ನಾನು ಒಂದೊಂದೇ ಸ್ವರವಾಗಿ ಕೇಳಿದ್ದ ಪಿಯಾನೊ ಅವಳ ಬೆರಳಿಗೆ ಹಾಡತೊಡಗಿತು. ನನಗೆ ಹೊಟ್ಟೆ ಉರಿಯಿತು.

"ಅಕ್ಕ, ಏನ್ ಮಾಡಿದ್ರಿ ಇದಕ್ಕೆ? ನಮ್ಮನೇದಕ್ಕಿಂತ ಇದೇ ಕೈಗೆ ಚೆನ್ನಾಗಿದೆ."

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಹಳೇ ಡಬ್ಬಾನೂ ಮಾತಾಡಿಸ್ಬಿಟ್ಳು ನೋಡು. ಅವಳ ಕೈಗುಣ ಅದು" ಅಂದರು.

"ಅತ್ತೆ, ಒಳಗೆ ಇರೋದು ಅವಳ ಮದುವೆ ಕಾರ್ಡು. ಕತ್ತರಿಸಿ ಹಾಕಿದೀನಿ."

ಓರಗಿತ್ತಿ ನುಡಿಸುತ್ತಲೇ ನಕ್ಕಳು. "ಅಷ್ಟೊಂದು ಪ್ರಿಂಟ್ ಮಾಡಿಸ್ಬೇಡಿ ಅಂದಿದ್ದೆ ನಾನು. ಸದ್ಯ, ಉಪಯೋಗಕ್ಕೆ ಬಂತಲ್ಲ."

"ಹಂಗನ್ನು ಮತ್ತೆ," ಅತ್ತೆಗೆ ಈಗ ಎಲ್ಲವೂ ಅರ್ಥವಾಗಿತ್ತು, "ಅದಕ್ಕೇ ಇಷ್ಟು ಚೆನ್ನಾಗಿ ನುಡೀತಿದೆ."

ಹೊರಡುವಾಗ ಓರಗಿತ್ತಿ, "ಇನ್ಮೇಲೆ ಭಾನುವಾರ ಭಾನುವಾರ ಬಂದು ನುಡಿಸ್ಲಾ ಅಕ್ಕ?" ಎಂದು ಕೇಳಿದಳು.

"ಇನ್ನೂ ತುಂಬಾ ಕೆಲಸ ಬಾಕಿ ಇದೆ ಕಣೇ" ಎಂದೆ.

ಏನೂ ಬಾಕಿ ಇರಲಿಲ್ಲ. ಅವರ ಕಾರು ತಿರುವು ದಾಟಿದ ಮೇಲೆ ಗರಾಜಿಗೆ ಹೋಗಿ, ಎತ್ತಿಟ್ಟಿದ್ದ ಸ್ಕ್ರೂಡ್ರೈವರು, ಅಂಟಿನ ಡಬ್ಬಿಗಳನ್ನೆಲ್ಲ ಮತ್ತೆ ಪಿಯಾನೊದ ಮೇಲೆ ಹರಡಿದೆ.